ಮಲೆನಾಡಿಗೆ ನಾಯಿ ಜೊತೆ ಟೆಂಟ್ ಟ್ರಿಪ್: ಹಗ್ಗ ಬಿಚ್ಚುವ ಮುಂಚೆ

ದಸರಾ ರಜೆ ಹತ್ತಿರ ಬಂದರೆ ನನ್ನ ಕ್ಲಿನಿಕ್‌ನಲ್ಲಿ ಇದೊಂದು ಬೇಡಿಕೆ ಜಾಸ್ತಿ. "ಡಾಕ್ಟ್ರೇ, ಇವನನ್ನೂ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗ್ತಿದೀವಿ, ವಾಂತಿಗೆ ಒಂದು ಮಾತ್ರೆ ಬರ್ಕೊಡಿ." ವಾಂತಿ ಸಣ್ಣ ವಿಷಯ. ಊಟ ಹಾಕಿ ಮೂರ್ನಾಲ್ಕು ಗಂಟೆ ಆದ ಮೇಲೆ ಹೊರಡಿ, ಮರೋಪಿಟೆಂಟ್ ಮಾತ್ರೆಯನ್ನು ಎರಡು ಗಂಟೆ ಮುಂಚೆ ಕೊಡಿ, ಚಾರ್ಮಾಡಿ ತಿರುವುಗಳಲ್ಲಿ ನಿಧಾನಕ್ಕೆ ಹೋಗಿ. ಅಷ್ಟೇ. ನಾನು ವಾಪಸ್ ಕೇಳುವುದು ಬೇರೆ: ಅಲ್ಲಿ ಹೋಗಿ ಇವನನ್ನು ಹಗ್ಗ ಬಿಚ್ಚಿ ಸುಮ್ನೆ ಬಿಟ್ಟುಬಿಡ್ತೀರಾ?

ಬಿಡಬೇಡಿ. ಟ್ರಿಪ್‌ನ ಎಲ್ಲ ತಯಾರಿಗಿಂತ ಇದು ದೊಡ್ಡದು.

ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ನೋಡಲು ಪಾರ್ಕ್ ತರ ಕಾಣಬಹುದು, ಆದರೆ ಅಲ್ಲಿ ಆನೆ ಓಡಾಡುತ್ತದೆ, ಬೇಲಿಗೆ ಕರೆಂಟ್ ಇರುತ್ತದೆ, ಕಾಡುಹಂದಿಗೆ ಯಾರೋ ಕದ್ದು ಹಾಕಿದ ಉರುಳು ಇರಬಹುದು, ಸಿಡಿಮದ್ದಿನ ಉಂಡೆಯೂ ಇರಬಹುದು. ವಾಸನೆ ಹಿಡಿದು ಅದನ್ನು ಕಚ್ಚುವ ನಾಯಿಯ ದವಡೆ ಉಳಿಯುವುದಿಲ್ಲ. ಇನ್ನು ಆನೆ ಕಂಡರೆ ನಾಯಿ ಬೊಗಳುತ್ತಾ ನುಗ್ಗುತ್ತದೆ. ಆನೆ ತಿರುಗಿಬಿದ್ದಾಗ ಅದು ಓಡಿ ಬರುವುದು ಯಾರ ಹತ್ತಿರ? ನಿಮ್ಮ ಹತ್ತಿರವೇ ಅಲ್ವಾ?

ರಾತ್ರಿ ಟೆಂಟ್ ಹೊರಗೆ ಗೂಟಕ್ಕೆ ಕಟ್ಟಿ ಮಲಗುವುದಂತೂ ಬೇಡವೇ ಬೇಡ. ಚಿರತೆಗೆ ನಾಯಿ ಸುಲಭದ ಊಟ. ನಿಮ್ಮ ಜೊತೆ ಒಳಗೇ ಮಲಗಲಿ. ಟೆಂಟನ್ನೂ ಕಂಡ ಕಂಡ ಗುಡ್ಡದಲ್ಲಿ ಹಾಕಬೇಡಿ. ನಾಯಿಗೂ ಜಾಗ ಇದೆ ಎಂದು ಒಪ್ಪಿರುವ ಹೋಮ್‌ಸ್ಟೇ ಅಥವಾ ತೋಟದ ಅಂಗಳವೇ ಒಳ್ಳೆಯದು, ಮೊದಲೇ ಫೋನ್ ಮಾಡಿ ಕೇಳಿ.

ದಾರಿ ಗುರುತು ಹಾಕುವಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು, ಕುಮಾರಪರ್ವತ ಇರುವ ಪುಷ್ಪಗಿರಿ ಅಭಯಾರಣ್ಯ, ಇವುಗಳ ಚಾರಣ ಬಿಟ್ಟುಬಿಡಿ. ಅಲ್ಲಿಗೆ ನಾಯಿ ಒಯ್ಯುವಂತಿಲ್ಲ. ಇದು ಬರೀ ಕಾನೂನಿನ ಮಾತಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಕಾಡುಪ್ರಾಣಿಗಳಿಗೂ ತಗಲುತ್ತದೆ, 2018ರಲ್ಲಿ ಗಿರ್‌ನಲ್ಲಿ ಸಿಂಹಗಳು ಸತ್ತದ್ದರ ಹಿಂದೆ ಅದೇ ಇತ್ತು. ಊಟಿ ಕಡೆ ಹೊರಟಿದ್ದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ನಡುವೆ ನಾಯಿಯನ್ನು ಮೂತ್ರಕ್ಕೆ ಇಳಿಸಲೂ ಆಗುವುದಿಲ್ಲ. ಗೇಟ್ ಮುಂಚೆಯೇ ಆ ಕೆಲಸ ಮುಗಿಸಿ.

ಯಾವ ತಿಂಗಳು ಒಳ್ಳೆಯದು ಅಂತ ಕೇಳಿದರೆ, ಪೂರ್ತಿ ಒಳ್ಳೆಯದು ಯಾವುದೂ ಇಲ್ಲ. ಮಳೆಗಾಲದಲ್ಲಿ ಇಂಬಳ, ಜೊತೆಗೆ ಘಾಟಿಯಲ್ಲಿ ಗುಡ್ಡ ಕುಸಿತ. ಬಿಸಿಲು ಶುರುವಾದರೆ ಉಣ್ಣೆ, ಅಂದರೆ ಉಣುಗು. ಇಂಬಳ ರಕ್ತ ಹೀರಿ ತಾನೇ ಬೀಳುತ್ತದೆ, ಮೂಗಿನೊಳಗೆ ಹೋದರೆ ಮಾತ್ರ ಡಾಕ್ಟರ್ ಬೇಕು. ನನಗೆ ಭಯ ಉಣ್ಣೆಯದೇ. ಎರ್ಲಿಕಿಯಾ, ಬಬೇಸಿಯಾ ಜ್ವರ ತರುವುದು ಅದೇ, ಮತ್ತು ನಾಯಿ ಮೈಮೇಲೆ ಟೆಂಟ್ ಒಳಗೆ ಬಂದ ಉಣ್ಣೆ ನಿಮ್ಮನ್ನೂ ಕಚ್ಚಬಹುದು. ಉಣ್ಣೆಯಿಂದಲೇ ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಿಂದಲೇ ಅದು ಹೆಚ್ಚುತ್ತದೆ.

ಹಾಗಾಗಿ ಹೊರಡುವ ಮುಂಚೆಯೇ ಉಣ್ಣೆ ಮಾತ್ರೆ ಕೊಡಿ. ಫಿಟ್ಸ್ ಬರುವ ನಾಯಿ ಆದರೆ ಮೊದಲು ಕೇಳಿ. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿ, ಕಂಕುಳು ತಡವಿ ನೋಡಿ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ಉಗುರಲ್ಲಿ ಕುಕ್ಕಬೇಡಿ.

ಲೆಪ್ಟೊ, ಅಂದರೆ ಇಲಿ ಜ್ವರದ ಲಸಿಕೆ ಇಲ್ಲದಿದ್ದರೆ ತಿಂಗಳು ಮುಂಚೆಯೇ ಬನ್ನಿ. ಮೊದಲ ಸಲ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಅದು ಬರುತ್ತದೆ, ಆದ್ದರಿಂದ ಹೊಂಡದ ನೀರು ಕುಡಿಸದೆ ಬಾಟಲಿ ನೀರೇ ಕೊಡಿ.

ಔಷಧಿ ಡಬ್ಬದಲ್ಲಿ ನಿಮ್ಮ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಿಮಗೆ ಮಾತ್ರ, ನಾಯಿಗೆ ಎರಡೂ ವಿಷ.

ವಾಪಸ್ ಬಂದ ಮೇಲೂ ಎರಡು ಮೂರು ವಾರ ಗಮನ ಇರಲಿ, ಉಣ್ಣೆ ಜ್ವರ ಅಷ್ಟು ತಡವಾಗಿಯೂ ಕಾಣಿಸುತ್ತದೆ. ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಕ್ಲಿನಿಕ್‌ಗೆ ಬಂದ ತಕ್ಷಣ ಮಲೆನಾಡಿಗೆ ಹೋಗಿದ್ದೆವು ಅಂತ ಹೇಳಿ. ಎಷ್ಟೋ ಜನ ಅದನ್ನು ನಾವು ಕೇಳಿದ ಮೇಲೇ ಹೇಳುತ್ತಾರೆ.