ದವಡೆ ನೋವಿಗೆ ಸೊಟ್ಟ ಹಲ್ಲು ಎಷ್ಟು ಹೊಣೆ?

ದವಡೆ ನೋಯುತ್ತಿದೆ ಎಂದರೆ ಶಿರಸಿ ಸೀಮೆಯ ಮನೆಗಳಲ್ಲಿ ಮೊದಲು ಹುಳುಕು ಹಲ್ಲನ್ನು ಹುಡುಕುತ್ತಾರೆ, ಲವಂಗ ಕಚ್ಚಿಕೊಳ್ಳಲು ಹೇಳುತ್ತಾರೆ. ಹುಳುಕು ಸಿಗದಿದ್ದರೆ ಅನುಮಾನ ಹಲ್ಲಿನ ಸಾಲಿನ ಮೇಲೆ. ಮೇಲಿನ ಸಾಲು ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತಿಲ್ಲ, ಅದಕ್ಕೇ ಸ್ನಾಯು ದಣಿಯುತ್ತಿದೆ, ಕ್ಲಿಪ್ ಹಾಕಿಸಿದರೆ ಸರಿಹೋದೀತು ಎಂಬ ಲೆಕ್ಕ.

ಈ ಲೆಕ್ಕವನ್ನು ವೈದ್ಯರೂ ಬಹುಕಾಲ ನಂಬಿದ್ದರು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಹನ್ನೊಂದು ರೋಗಿಗಳ ವಿವರ ಪ್ರಕಟಿಸಿದರು. ಹಿಂದಿನ ಹಲ್ಲುಗಳು ಹೋಗಿ ದವಡೆ ಅತಿಯಾಗಿ ಮುಚ್ಚಿಕೊಳ್ಳುವುದರಿಂದಲೇ ಕಿವಿನೋವು, ಕಿವಿಯ ಮೊರೆತ, ದವಡೆ ಕೀಲಿನ ತೊಂದರೆ ಬರುತ್ತವೆ ಎಂಬುದು ಅವರ ವಾದ. ಮುಂದೆ ದಶಕಗಳ ಕಾಲ, ತುಸು ಎತ್ತರವೆನಿಸಿದ ಹಲ್ಲನ್ನು ಉಜ್ಜಿ ತಗ್ಗಿಸುವುದೂ ದವಡೆ ನೋವಿನ ಚಿಕಿತ್ಸೆಗಳಲ್ಲಿ ಒಂದಾಗಿತ್ತು. ಉಜ್ಜಿಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಕಿವಿಯ ಮುಂದಿನ ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಬಿಗಿಯಾಗಿ ಕಚ್ಚಿ ನೋಡಿ. ಗಟ್ಟಿಯಾಗಿ ಉಬ್ಬುವುದು ಮ್ಯಾಸೆಟರ್ ಸ್ನಾಯು. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವ ಟೆಂಪೊರಾಲಿಸ್ ಕೂಡ ಆಗಲೇ ಮಿಡಿಯುತ್ತದೆ. ಕಚ್ಚುವುದನ್ನು ಬಿಟ್ಟೊಡನೆ ಎರಡೂ ಮೆತ್ತಗಾಗಬೇಕು. ತುಟಿ ಮುಚ್ಚಿ ಸುಮ್ಮನಿರುವಾಗ ಎರಡು ಸಾಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರವಿರುವುದು ಸಹಜ. ಅಗಿಯುವುದು, ನುಂಗುವುದು ಎಲ್ಲ ಸೇರಿದರೂ ಹಲ್ಲಿಗೆ ಹಲ್ಲು ತಾಗುವ ಸಮಯ ದಿನಕ್ಕೆ ಸುಮಾರು 20 ನಿಮಿಷ. ಸಾಲು ಎಷ್ಟೇ ಸೊಟ್ಟಗಿರಲಿ, ಸ್ನಾಯುವಿಗೆ ಅದು ಎದುರಾಗುವುದು ಅಷ್ಟು ಹೊತ್ತು ಮಾತ್ರ.

ಹಾಗೆಂದು ಹಲ್ಲು ಮೊದ್ದಲ್ಲ. ಬೇರಿನ ಸುತ್ತಲಿನ ತಂತುಗಳಲ್ಲಿರುವ ನರತುದಿಗಳು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ದಪ್ಪವನ್ನೂ ಗುರುತಿಸಬಲ್ಲವು. ಅನ್ನದಲ್ಲಿ ಒಂದು ಹರಳು ಸಿಕ್ಕರೆ ನಾವು ಯೋಚಿಸುವ ಮೊದಲೇ ದವಡೆ ತೆರೆದುಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದ ಹಲ್ಲಿನ ಮೇಲೆ ಒಂದು ಅಡ್ಡಿ ಕೂತರೆ ಸ್ನಾಯು ಕೆರಳಬೇಕಲ್ಲವೇ? ಇಟಲಿಯ ನೇಪಲ್ಸ್‌ನ ಸಂಶೋಧಕರು ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ಯುವತಿಯರ ದವಡೆ ಹಲ್ಲಿಗೆ ತೆಳುವಾದ ಚಿನ್ನದ ಪಟ್ಟಿ ಅಂಟಿಸಿ, ದಿನಗಟ್ಟಲೆ ಅವರ ಮ್ಯಾಸೆಟರಿನ ವಿದ್ಯುತ್ ಚಟುವಟಿಕೆ ದಾಖಲಿಸಿದರು. ಚಟುವಟಿಕೆ ಹೆಚ್ಚುವ ಬದಲು ಇಳಿಯಿತು. ಹಲ್ಲು ತಾಗಿದರೆ ಕಿರಿಕಿರಿ ಎಂದು ದವಡೆ ತಾಗಿಸುವುದನ್ನೇ ಕಡಿಮೆ ಮಾಡಿರಬೇಕು. ಅಚ್ಚುಕಟ್ಟಾದ ಪ್ರಯೋಗವೆಂದರೆ ನನ್ನ ಮಟ್ಟಿಗೆ ಇಂಥದ್ದು.

ಸಂಬಂಧ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಒಂದೇ ಬದಿಯ ಹಿಂದಿನ ಹಲ್ಲುಗಳು ಅಡ್ಡಡ್ಡವಾಗಿ ಕೂರುವುದು, ಬಾಯಿ ಮುಚ್ಚಿದರೂ ಮುಂಭಾಗದಲ್ಲಿ ಸಂದಿ ಉಳಿಯುವುದು, ಮೇಲಿನ ಬಾಚಿಹಲ್ಲು ಆರು ಮಿಲಿಮೀಟರಿಗಿಂತ ಹೆಚ್ಚು ಮುಂದೆ ಚಾಚಿರುವುದು, ಹಿಂದಿನ ಐದಾರು ಹಲ್ಲು ಬಿದ್ದುಹೋಗಿರುವುದು: ದವಡೆ ತೊಂದರೆ ಇರುವವರಲ್ಲಿ ಇವು ತುಸು ಹೆಚ್ಚಾಗಿ ಕಾಣುತ್ತವೆ. ಆದರೆ ಇವೆಲ್ಲ ಇದ್ದೂ ಹಲಸಿನ ಹಪ್ಪಳವನ್ನು ಕರುಮುರು ಅಗಿಯುವವರು ಬೇಕಾದಷ್ಟು ಜನರಿದ್ದಾರೆ. ಕಾರಣ-ಪರಿಣಾಮ ತಿರುಗುಮುರುಗಾಗಿರುವುದೂ ಉಂಟು. ಆರೋಗ್ಯವಂತರ ಮ್ಯಾಸೆಟರಿಗೆ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ನೋವು ಬರಿಸಿದರೆ ಕೆಳದವಡೆ ಚಲಿಸುವ ರೀತಿಯೇ ತಾತ್ಕಾಲಿಕವಾಗಿ ಬದಲಾಗುತ್ತದೆ. ಕೀಲಿನ ಸಂಧಿವಾತವಂತೂ ಹಲ್ಲಿನ ಹೊಂದಾಣಿಕೆಯನ್ನು ನಿಧಾನವಾಗಿ ಕೆಡಿಸುತ್ತದೆ.

ಹಾಗಾದರೆ ಸ್ನಾಯುವನ್ನು ದಣಿಸುವುದೇನು? ಹೆಚ್ಚಿನ ಸಲ ಹಗಲಲ್ಲಿ ಅರಿವಿಲ್ಲದೆ ಹಲ್ಲು ಒತ್ತಿ ಹಿಡಿಯುವುದು. ದೇವಿಮನೆ ಘಟ್ಟದ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದವರ ಕೆನ್ನೆಯನ್ನು ಗಮನಿಸಿ, ಇಲ್ಲವೇ ಕೊನೆಕೊಯ್ಲಿನ ದಿನಗಳಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತ ಕೂತವರದ್ದನ್ನು. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘ಒಪೆರಾ’ ಅಧ್ಯಯನ ದವಡೆ ನೋವಿಲ್ಲದ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿತು. ನಿದ್ದೆಗೆಟ್ಟವರಲ್ಲಿ, ಮೈಯ ಬೇರೆ ಕಡೆಯೂ ನೋವಿದ್ದವರಲ್ಲಿ, ದವಡೆಗೆ ಪೆಟ್ಟು ಬಿದ್ದವರಲ್ಲಿ ತೊಂದರೆ ಹೊಸದಾಗಿ ಹೆಚ್ಚು ಕಾಣಿಸಿಕೊಂಡಿತು.

ಆದ್ದರಿಂದ ಆರಂಭ ಸರಳವಾಗಿರಲಿ. ಕೆಲವು ವಾರ ಗಂಜಿ, ತೆಳ್ಳೇವು, ತಂಬುಳಿ ಅನ್ನ. ಕೆನ್ನೆಗೆ ಬಿಸಿಬಟ್ಟೆಯ ಶಾಖ. ಮೊಬೈಲ್ ಕೈಗೆತ್ತಿಕೊಂಡಾಗಲೆಲ್ಲ ಹಲ್ಲು ತಾಗುತ್ತಿದೆಯೇ ಎಂದು ನೋಡಿಕೊಂಡು ಬಿಡಿಸುವುದು. ರಾತ್ರಿ ಹಲ್ಲು ಕಡಿಯುವವರಿಗೆ ತೆಗೆದಿಡಬಹುದಾದ ಪ್ಲಾಸ್ಟಿಕ್ ಪಟ್ಟಿಯನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅಂದಕ್ಕೆ, ಹಲ್ಲುಜ್ಜುವ ಅನುಕೂಲಕ್ಕೆ ಕ್ಲಿಪ್ ಹಾಕಿಸುವುದಕ್ಕೆ ನನ್ನ ತಕರಾರಿಲ್ಲ. ನೋವು ಹೋಗುತ್ತದೆಂಬ ಭರವಸೆಯ ಮೇಲೆ ಹಲ್ಲನ್ನು ಉಜ್ಜಿ ತಗ್ಗಿಸಿಕೊಳ್ಳುವುದಕ್ಕೆ ಖಂಡಿತ ಇದೆ.

ಅಡಿಕೆಯ ಊರಿನಲ್ಲಿ ಮುಂದಿನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಊಟವಾದ ಕೂಡಲೇ ಕವಳದ, ಅಂದರೆ ಎಲೆ-ಅಡಿಕೆಯ, ಬಟ್ಟಲು ಮುಂದಿಡುವ ಸೀಮೆ ನಮ್ಮದು. ದಿನವಿಡೀ ಕವಳವೋ ಗುಟ್ಕಾವೋ ಅಗಿಯುವವರ ಬಾಯಿ ಬರಬರುತ್ತ ತೆರೆಯದಂತಾದರೆ ಅದನ್ನು ಸ್ನಾಯುವಿನ ಬಿಗಿತವೆಂದೋ ಹಲ್ಲಿನ ದೋಷವೆಂದೋ ತಳ್ಳಿಹಾಕಬಾರದು. ಅಡಿಕೆಯ ಅರೆಕೋಲಿನ್ ಅಂಶ ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಬೆಳೆಸುತ್ತದೆ, ಪದರ ಬೆಳ್ಳಗಾಗಿ ಗಡುಸಾಗುತ್ತದೆ. ಅದು ಕ್ಯಾನ್ಸರಿಗೂ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ವರ್ಗೀಕರಿಸಿತು. ದೊಡ್ಡವರ ಬಾಯಿಯಲ್ಲಿ ಸಾಮಾನ್ಯವಾಗಿ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಯಬೇಕು. ಎರಡೇ ಹಿಡಿಯುತ್ತಿದ್ದು, ಸಾರಿನ ಖಾರಕ್ಕೇ ಬಾಯಿ ಉರಿಯುತ್ತಿದ್ದರೆ ಕವಳ ಬಿಟ್ಟು ಅದೇ ವಾರ ಕೆನ್ನೆಯ ಒಳಭಾಗವನ್ನು ದಂತವೈದ್ಯರಿಗೆ ತೋರಿಸಬೇಕು.