ಉಪ್ಪುನೀರಿನ ಮೇಲೆ ತೇಲುವ ಬಾವಿ

ಮಾಲ್ಡೀವ್ಸ್‌ನಂಥ ಹವಳದ ದ್ವೀಪದಲ್ಲಿ ನಾಲ್ಕಡಿ ತೋಡಿದರೆ ಸಿಹಿನೀರು ಸಿಗುತ್ತದೆಂದು ಕೇಳಿದವರಲ್ಲಿ ಅನೇಕರು, ಕಡಲ ನೀರೇ ಮರಳಿನಲ್ಲಿ ಸೋಸಿ ಸಿಹಿಯಾಗುತ್ತದೆ ಎಂದು ನಂಬುತ್ತಾರೆ. ಮರಳು ಕೆಸರನ್ನು ತಡೆದೀತೇ ಹೊರತು ಕರಗಿದ ಉಪ್ಪನ್ನು ತಡೆಯಲಾರದು. ಆ ಸಿಹಿನೀರೆಲ್ಲ ಮಳೆಯದು. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ.

ಗಾಜಿನ ದೀಪದಲ್ಲಿ ನೀರಿನ ಮೇಲೆ ಎಣ್ಣೆ ನಿಲ್ಲುವುದನ್ನು ನೆನೆಯಿರಿ. ಅದಕ್ಕಿಂತ ಸರಿಯಾದ ಹೋಲಿಕೆ ಸರಕು ತುಂಬಿದ ದೋಣಿಯದು, ಏಕೆಂದರೆ ಕಾಣುವ ಭಾಗ ಅಲ್ಪ, ಮುಳುಗಿದ ಭಾಗವೇ ಬಹಳ. ಕಡಲ ನೀರಿನ ಸಾಂದ್ರತೆ ಸುಮಾರು 1.025, ಸಿಹಿನೀರಿನದು 1. ಈ ಸಣ್ಣ ವ್ಯತ್ಯಾಸದಿಂದಾಗಿ, ಕಡಲಮಟ್ಟದಿಂದ ಒಂದು ಗೇಣು ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಗೇಣು ಇಳಿದಿರುತ್ತದೆ. ಡಚ್ ಎಂಜಿನಿಯರ್ ಖೀಬೆನ್ 19ನೆಯ ಶತಮಾನದ ಕೊನೆಗೆ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿ, ಬೇರೆಬೇರೆಯಾಗಿಯೇ ಈ ಲೆಕ್ಕವನ್ನು ಕಂಡುಕೊಂಡರು. ವಾಸ್ತವದಲ್ಲಿ ಎರಡರ ನಡುವೆ ಅವು ಬೆರೆತ ಸವಳು ನೀರಿನ ಪದರವೂ ಇರುವುದರಿಂದ ಸಿಹಿನೀರು ಲೆಕ್ಕಕ್ಕಿಂತ ತೆಳು. ಅಪಾಯವಿರುವುದು ಇದೇ ಲೆಕ್ಕದಲ್ಲಿ: ಸರಕಿಳಿಸಿದ ದೋಣಿಯ ತಳ ಮೇಲೇಳುವಂತೆ, ಬಾವಿಯ ಮಟ್ಟವನ್ನು ಒಂದು ಗೇಣು ಇಳಿಸಿದರೆ ಅಡಿಯ ಉಪ್ಪುನೀರು ಕಾಲಕ್ರಮದಲ್ಲಿ 40 ಗೇಣು ಏರಿಬರಬಲ್ಲದು.

1343ರಲ್ಲಿ ಮಾಲ್ಡೀವ್ಸ್‌ಗೆ ಬಂದು ಖಾಜಿಯೂ (ನ್ಯಾಯಾಧೀಶನೂ) ಆಗಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಬಾವಿಗಳು ಆಳವಿಲ್ಲದ್ದರಿಂದ ಜನ ಉದ್ದ ಹಿಡಿಯ ತೆಂಗಿನ ಚಿಪ್ಪಿನಿಂದಲೇ ನೀರು ಮೊಗೆಯುವರೆಂದು ಬರೆದಿದ್ದಾನೆ. ಚಿಪ್ಪಿನಿಂದ ಮೊಗೆದಷ್ಟನ್ನು ಮಳೆ ತುಂಬಿಕೊಡುತ್ತಿತ್ತು. ಪಂಪು ಹೀರಿದ್ದನ್ನು, ಅದರಲ್ಲೂ ಕಿಕ್ಕಿರಿದ ರಾಜಧಾನಿ ಮಾಲೆಯಲ್ಲಿ, ಅದು ತುಂಬಲಾರದೆ ಹೋಯಿತು.

ಆಳವಿಲ್ಲದ ಜಲ ಬೇಗ ಮಲಿನವೂ ಆಗುತ್ತದೆ. ಮನೆಯ ಬಾವಿಯೂ ಶೌಚಗುಂಡಿಯೂ ಒಂದೇ ಸಡಿಲ ಮರಳಿನಲ್ಲಿರುವಾಗ ರೋಗಾಣುಗಳಿಗೆ ದಾರಿ ಬಲು ಹತ್ತಿರ. ತಿಳಿಯಾಗಿ ಕಂಡ ನೀರು ಶುದ್ಧವೆಂಬ ನಂಬಿಕೆ ಇಲ್ಲಿ ಪ್ರಾಣಕ್ಕೇ ಎರವಾದೀತು. 2004ರ ಸುನಾಮಿ ಅನೇಕ ದ್ವೀಪಗಳ ಬಾವಿಗಳಿಗೆ ಮೇಲಿನಿಂದಲೇ ಉಪ್ಪು ಸುರಿಯಿತು. ಹೊರದ್ವೀಪಗಳವರು ಕುಡಿಯಲು ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಡುತ್ತಾರೆ, ಬೇಸಿಗೆಯ ಕೊನೆಗೆ ಅದೂ ಬರಿದಾಗುತ್ತದೆ.

ಮಾಲೆ ಈಗ ಕಡಲ ನೀರನ್ನೇ ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆದು ಕುಡಿಯುತ್ತದೆ. ಮರಳಿಗಾಗದ ಆ ಕೆಲಸಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಬಹುಪಾಲು ಹೊರದೇಶದ ಡೀಸೆಲ್ ಬೇಕು. 2014ರ ಡಿಸೆಂಬರ್ 4ರಂದು ಉಪ್ಪು ತೆಗೆಯುವ ಈ ಸ್ಥಾವರಕ್ಕೆ ಬೆಂಕಿ ತಗುಲಿ ಲಕ್ಷಕ್ಕೂ ಮಿಕ್ಕ ಜನರ ನಲ್ಲಿಗಳು ಒಣಗಿದವು. ಭಾರತದಿಂದ ವಾಯುಪಡೆಯ ವಿಮಾನಗಳೂ ಸುಕನ್ಯಾ, ದೀಪಕ್ ಎಂಬ ನೌಕೆಗಳೂ ಕುಡಿಯುವ ನೀರನ್ನು ಹೊತ್ತು ಅಲ್ಲಿಗೆ ಧಾವಿಸಿದವು.