ಎಂಡೋಕಾರ್ಡೈಟಿಸ್: ಯಾವ ವಿಭಾಗದ ಕಾಯಿಲೆ ಇದು?

ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸುಸ್ತು ಅಂತ ಒಬ್ಬರು ಬರುತ್ತಾರೆ. ಇನ್ನೊಬ್ಬರು ಸ್ಟ್ರೋಕ್ ಆಗಿ ನ್ಯೂರಾಲಜಿಗೆ ದಾಖಲಾಗುತ್ತಾರೆ. ಮತ್ತೊಬ್ಬರು ಬೆನ್ನುನೋವಿಗೆ ಮೂಳೆ ಡಾಕ್ಟರ ಹತ್ತಿರ ಹೋಗುತ್ತಾರೆ. ಮೂವರಿಗೂ ಹೃದಯದ ಕವಾಟದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಹೃದಯದ ಒಳಪದರದ ಈ ಸೋಂಕೇ ಎಂಡೋಕಾರ್ಡೈಟಿಸ್. ಮೊದಲ ನೋಟಕ್ಕೆ ಹೃದಯದ ನೆನಪೇ ಬರುವುದಿಲ್ಲ, ಅಲ್ವಾ? ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲೇ ಇದನ್ನು ಗುರುತಿಸುವುದು ಎಷ್ಟು ಕಷ್ಟ ಅಂತ ಹೇಳಿದ್ದರು. ಆ ಕಷ್ಟ ಇಂದಿಗೂ ಪೂರ್ತಿ ಹೋಗಿಲ್ಲ.

ಕವಾಟದಲ್ಲಿ ಏನಾಗುತ್ತದೆ ಅಂತ ಮೊದಲು ನೋಡೋಣ. ಒಳಪದರಕ್ಕೆ ಗಾಯವಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಅಂಟಿಕೊಳ್ಳುತ್ತವೆ. ಬಾಯಿಂದಲೋ, ಚರ್ಮದಿಂದಲೋ, ರಕ್ತನಾಳಕ್ಕೆ ಹಾಕಿದ ಕೊಳವೆಯಿಂದಲೋ ರಕ್ತಕ್ಕೆ ಬಂದ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರುತ್ತದೆ. ಅದರ ಮೇಲೆ ಮತ್ತೆ ಫೈಬ್ರಿನ್ ಕೂರುತ್ತದೆ. ಹೀಗೆ ಬೆಳೆದ ಗಂಟೇ ವೆಜಿಟೇಶನ್. ಕವಾಟದಲ್ಲಿ ರಕ್ತನಾಳಗಳು ತೀರಾ ಕಡಿಮೆ. ಹಾಗಾಗಿ ಬಿಳಿ ರಕ್ತಕಣಗಳು ಗಂಟಿನ ಒಳಗೆ ಸರಿಯಾಗಿ ತಲುಪುವುದಿಲ್ಲ. ಒಳಗಿನ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುವುದರಿಂದ ಔಷಧಿಗೂ ಬೇಗ ಬಗ್ಗುವುದಿಲ್ಲ. ಸಾಮಾನ್ಯವಾಗಿ 4ರಿಂದ 6 ವಾರ ಆಂಟಿಬಯೋಟಿಕ್ ಕೊಡುವುದು ಇದಕ್ಕೇ. ಈ ಕಾರಣ ಗೊತ್ತಿದ್ದರೆ ಅವಧಿಯನ್ನು ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ. ಗಂಟಿನ ಚೂರು ಕಳಚಿ ಮಿದುಳಿಗೆ ಹೋದರೆ ಸ್ಟ್ರೋಕ್. ಬಲಭಾಗದ ಕವಾಟದ್ದಾದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ನಾನು ಅಡಿಗೆರೆ ಹಾಕಿಕೊಂಡ ವಿಷಯ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ನೋಡುವ ಪರೀಕ್ಷೆ. ಆಂಟಿಬಯೋಟಿಕ್ ಶುರು ಮಾಡುವ ಮುಂಚೆ, ಬೇರೆ ಬೇರೆ ಕಡೆ ಚುಚ್ಚಿ, ಕನಿಷ್ಠ 3 ಸೆಟ್ ತೆಗೆಯಬೇಕು. 'ಜ್ವರ ಇದೆ, ಇರಲಿ' ಅಂತ ಒಂದೆರಡು ಡೋಸ್ ಕೊಟ್ಟುಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಆ ಡೋಸ್ ಬರೆಯುವವರು ಹೆಚ್ಚಾಗಿ ಹೃದಯತಜ್ಞರಲ್ಲ. ಅದಕ್ಕೇ ಈ ಕಾಯಿಲೆಯ ತರಬೇತಿ ಕುಟುಂಬ ವೈದ್ಯರಿಗೆ, ತುರ್ತು ವಿಭಾಗದವರಿಗೆ ಮೊದಲು ಸಿಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬೆಳೆದ ಬ್ಯಾಕ್ಟೀರಿಯಾದ ಹೆಸರೂ ಮುಂದಿನ ದಾರಿ ತೋರಿಸುತ್ತದೆ. ಬಾಯಲ್ಲಿ ವಾಸಿಸುವ ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್ ಬಂದರೆ ಹಲ್ಲು, ವಸಡು ನೋಡಿ. ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್ ಬಂದರೆ ಕೊಲೊನೊಸ್ಕೋಪಿ (ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡುವುದು) ಮಾಡಿಸಬೇಕು, ಏಕೆಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಜೊತೆಗೆ ಅದರ ನಂಟಿದೆ. ಏನೂ ಬೆಳೆಯದಿದ್ದರೆ ಕಾಕ್ಸಿಯೆಲ್ಲಾ, ಬಾರ್ಟೊನೆಲ್ಲಾದಂಥ, ಪ್ರಾಣಿಗಳಿಂದ ಬರಬಹುದಾದ ಬ್ಯಾಕ್ಟೀರಿಯಾ ಇರಬಹುದು. ಆಗ ದನ, ಕುರಿ, ಬೆಕ್ಕುಗಳ ಒಡನಾಟ ಇದೆಯಾ ಅಂತ ಕೇಳಬೇಕು.

ಈ ಕಾಯಿಲೆ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಡ್ಯೂಕ್ ಮಾನದಂಡಗಳು 1994ರಲ್ಲಿ ಬಂದವು, 2000ದಲ್ಲಿ ಪರಿಷ್ಕಾರವಾದವು. 2023ರಲ್ಲಿ ಹೃದಯದ ಸಿಟಿ, ಪೆಟ್-ಸಿಟಿ ಸ್ಕ್ಯಾನ್‌ಗಳು, ಆಪರೇಷನ್ ವೇಳೆ ಸರ್ಜನ್ ಕಣ್ಣಾರೆ ಕಂಡದ್ದು ಕೂಡ ಲೆಕ್ಕಕ್ಕೆ ಸೇರಿದವು. ಯುರೋಪಿನ ಹೃದ್ರೋಗ ಸಂಘ 2015ರ ಮಾರ್ಗಸೂಚಿಯಲ್ಲೇ ಹಲವು ವಿಭಾಗಗಳ ತಜ್ಞರಿರುವ 'ಎಂಡೋಕಾರ್ಡೈಟಿಸ್ ತಂಡ' ಬೇಕು ಅಂದಿತ್ತು. ಸ್ಟ್ರೋಕ್ ಆದವರಿಗೆ ಕವಾಟದ ಆಪರೇಷನ್ ಯಾವಾಗ ಮಾಡಬೇಕು ಅನ್ನುವುದನ್ನು ಒಬ್ಬರೇ ಹೇಗೆ ತೀರ್ಮಾನಿಸುತ್ತಾರೆ? ಮಿದುಳಲ್ಲಿ ರಕ್ತಸ್ರಾವ ಆಗಿದ್ದರೆ ಆಪರೇಷನ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅಪಾಯ. ತಡ ಮಾಡಿದರೆ ಹೃದಯ ಸೋಲಬಹುದು.

ಸಂಶೋಧನೆಯಲ್ಲಿ 2019ರ ಪೊಯೆಟ್ ಪ್ರಯೋಗ ಓದಲೇಬೇಕು. ಡೆನ್ಮಾರ್ಕ್‌ನಲ್ಲಿ ಎಡಭಾಗದ ಸೋಂಕಿದ್ದ, ಸ್ಥಿತಿ ಸುಧಾರಿಸಿದ್ದ 400 ಜನರ ಮೇಲೆ ನಡೆದದ್ದು. ಕನಿಷ್ಠ 10 ದಿನ ರಕ್ತನಾಳದ ಮೂಲಕ ಔಷಧಿ ಕೊಟ್ಟು, ಅರ್ಧದಷ್ಟು ಜನರಿಗೆ ಮಾತ್ರೆ ಶುರು ಮಾಡಿದರು. ಫಲಿತಾಂಶ ಕೆಡಲಿಲ್ಲ. ಆದರೆ ಸ್ಥಿತಿ ಇನ್ನೂ ಏರುಪೇರಾಗುತ್ತಿರುವವರಿಗೆ ಇದು ಅನ್ವಯಿಸುವುದಿಲ್ಲ, ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ಗುಂಪಿನಲ್ಲಿ ಓದುವವರು ಒಂದು ಕೇಸ್ ತೆಗೆದುಕೊಳ್ಳಿ. ಒಬ್ಬರು ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡಲಿ, ಒಬ್ಬರು ಲ್ಯಾಬ್ ವರದಿ ಓದಲಿ, ಒಬ್ಬರು ಸರ್ಜನ್ ಆಗಲಿ. ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ: ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆದಿದ್ದರಾ?